ನಾ ಚಂಪಾ ಆದ ವರ್ಷ

ಹಂಗಲ್ಲೋ, ಸೀರಿ ಉಡೂದು ಸಸಾರ, ಉಟ್ಟು ನಡಿಯೂದೈತಲ್ಲ, ಅದು ಭಾಳ ಕಠಿಣ. ನಾ ಅಂದ್ರ ದಿನಾ ಮಾಡಗ್ಯಾಳ ಜಾತಿ ಕುರಿ ಹಿಂದ ಓಡಿದಾಂವ, ನನ್ನ ಕಾಲಿಗೆ ಹೆಣ್ಣಿನ ನಡಿಗಿ ಎಲ್ಲಿಂದ ಬರಬೇಕು? ಆಟ ಕಲಸೋ ಮಾಸ್ತರ, ಮೇಯಾಕ ಬಿಟ್ಟ ಕುದ್ರಿಗೆ ಕಟ್ತಾರಲ್ಲ, ಹಂಗ ನನ್ನ ಎರಡೂ ಕಾಲು ಗೇಣು ಬಿಟ್ಟು ಹಗ್ಗದಿಂದ ಕಟ್ಟಿಬಿಟ್ಟ. ಎರಡು ತಿಂಗಳು, ಅಲ್ಲ, ಮೂರು ಇರಬೇಕು, ಹಂಗ ನಡದೇನಿ. ಅರಸರ ರಾಜ್ಯ ಹೋಗಿ ಒಂದೆರಡು ವರ್ಷ ಆಗಿತ್ತು, ಜ್ವಾಳ ರೇಷನ್ನಿನ್ಯಾಗ ಸಿಗತಿತ್ತು, ಅದೂ ಹುಳ ಹತ್ತಿದ್ದು. ಹೊಟ್ಟಿ ಅರ್ಧಾ, ಆಟ ಪೂರ್ತಿ.

ಆಟದಾಗ ನಾ ಚಂಪಾ ಅನ್ನೋ ಸೂಳಿ. ಸಾವಕಾರನ ಮಗಾ ಆಕಿ ಮ್ಯಾಲ ಜೀವ ಇಟ್ಟು ಮನಿ ಮರತಿರತಾನ. ಅವರವ್ವ ಬಂದು ಸೆರಗೊಡ್ಡಿ ಬೇಡ್ಕೋತಾಳ. ಆವಾಗ ಚಂಪಾ, ಅವನ ಮನಿ ಉಳೀಲಿ ಅಂತ, ನಿನ್ನ ಮ್ಯಾಲ ನನಗ ಮನಸ ಇಲ್ಲ ಅಂತ ಸುಳ್ಳು ಹೇಳಿ ಅವನ್ನ ದೂಡತಾಳ.

ಈಗ ಕೇಳ್ರಿ ಮೊಮ್ಮಕ್ಕಳ್ರಾ. ವಳಸಂಗದ ನಿಮ್ಮ ಆಯಿನ್ನ ನನಗ ಕೊಡೂದು ಅಂತ ಮಾತಾಗಿತ್ತು. ಸಂತ್ಯಾಗ ಒಂದ ಸಲ ನೋಡಿದ್ದೆ, ಆಕಿನ್ನ ಬಿಟ್ರ ಲಗ್ನನ ಬ್ಯಾಡ ಅಂತ ಕುಂತಿದ್ದೆ. ಅವರಪ್ಪಗ ಯಾರೋ ಚಾಡಿ ಹೇಳಿದ್ರು, ನಿನ್ನ ಅಳಿಯಾ ಆಗಾಂವ ಸೀರಿ ಉಟ್ಟು ಸೂಳಿ ಆಗತಾನಂತ. ನಮ್ಮ ಕಡೆ ಆಡಿದ ಮಾತು ಮುರೀಬೇಕಂದ್ರ ಎಲಿಅಡಿಕಿ ತಿರುಗಿ ಕೊಡೂದು ರಿವಾಜು. ಆ ಮನಷ್ಯಾ ಐದು ಎಲಿ, ಐದು ಅಡಿಕಿ ಹೋಳು ಧೋತರದ ಚುಂಗಿಗೆ ಕಟಗೊಂಡು ಆಟದ ದಿವಸನ ನಮ್ಮೂರು ಉಟಗಿಗೆ ಬಂದಾ. ನಮ್ಮಪ್ಪ, ಬೀಗರ, ಬಂದದ್ದು ಬಂದೀರಿ, ಆಟ ನೋಡ್ರಿ, ಮುಂಜಾನಿ ಮಾತಾಡೂಣು ಅಂದಾ.

ಮುಂದನ ಕುಂತಿದ್ದಾ ಅಂವ. ನಾ ನೋಡ್ದೆ. ಎದ್ದ ಹೋಗ, ನಿನ್ನ ಮಾರಿ ನನಗ ಬ್ಯಾಡ ಅಂತ ಆಟದ ಮಾತು ಅಂದು, ಬೆನ್ನು ತಿರುವಿ, ಸೆರಗು ಬಾಯಾಗ ತುರುಕೊಂಡು ಅತ್ತೆ. ಖರೇನ ಅತ್ನೋ, ನಿಮ್ಮ ಆಯಿ ಕೈ ತಪ್ಪಿ ಹೋಗತಾಳಂತ ಅತ್ತೆ. ಅಷ್ಟರಾಗ ನಮ್ಮ ಮಾವ ದಡಕ್ಕನ ಎದ್ದು ನಿಂತು ಸಾವಕಾರನ ಮಗಗ ಅಂತಾನ, "ಏ ಹುಚ್ಚಪ್ಪಾ, ಹೋಗಬ್ಯಾಡೋ! ಸುಳ್ಳ ಹೇಳಾಕತ್ತಾಳೋ ನಮ್ಮವ್ವ!"

ಮುಂಜಾನಿ ಹಿರ್ಯಾರು ಕಟ್ಟಿ ಮ್ಯಾಲ ಕುಂತ್ರು. ಮಾವ ಚುಂಗು ಬಿಚ್ಚಿದಾ. ಏನೂ ಇಲ್ಲ! ಆಟದ ರಂಗಿನ್ಯಾಗ ಒಂದೊಂದ ತಗದು ಅಗದಬಿಟ್ಟಾನ, ಅವಗ ಖಬರ ಇಲ್ಲ. ತುಟಿ ನೋಡಿದ್ರ ಕೆಂಪಗ. ಸುಣ್ಣ ನಾನ ಕೊಟ್ಟೀನಿ ಅಂದಾ ಬಾಜೂಕ ಕುಂತಿದ್ದಾಂವ. ನಮ್ಮಪ್ಪ ಒಂಚೂರೂ ನಗಲಿಲ್ಲ. "ತಿಂದದ್ದು ಹೆಂಗ ತಿರುಗಿ ಕೊಡ್ತೀರಿ ಬೀಗರ?"

ಮಾವ ನನ್ನ ಮಾರಿ ನೋಡಿದಾ, ಬಣ್ಣ ಇನ್ನೂ ಹೋಗಿರಲಿಲ್ಲ. "ಹೆಣ್ಣಿನ ಸಂಕಟ ಇಷ್ಟ ತಿಳದಾಂವ ನನ್ನ ಮಗಳನ್ನ ಅಳಸೂದಿಲ್ಲ ಬಿಡ್ರಿ" ಅಂದಾ. ಆ ಸುಗ್ಗಿಗೇ ಲಗ್ನ! ಅದಕ್ಕ ಹೇಳೂದು, ಮಾಡೋ ಕೆಲಸಕ್ಕ ನಾಚಬ್ಯಾಡ್ರಿ, ಮನಸಿಟ್ಟು ಮಾಡಿದ್ರ ಮುರಿಯಾಕ ಬಂದಾಂವನೂ ಕೂಡಿಸಿ ಹೋಗತಾನ. ಏಳ್ರಿ ಇನ್ನ, ರೊಟ್ಟಿ ಆರತಾವ.