ಶೀನಣ್ಣನ ತೇಗು

ಹೊಟ್ಟೆ ತುಂಬಿ ತೇಗಿದ್ದಲ್ಲ ಮಕ್ಕಳೇ, ಅದೇ ನಾನು ಹೇಳುದು, ನಿಮ್ಮ ಅಜ್ಜಯ್ಯ ತೇಗ್ತಿದ್ದದ್ದು ಹೊಟ್ಟೆ ಖಾಲಿ ಇದ್ದಾಗ. ನಗಬೇಡಿ. ನಿನ್ನೆ ಅವನ ಬೊಜ್ಜಕ್ಕೆ, ಉತ್ತರಕ್ರಿಯೆ ಊಟಕ್ಕೆ ಬಂದು ಉಂಡವರೆಲ್ಲ ‘ಶೀನಣ್ಣ ದೇವರಂಥವ, ಹೆಂಡತಿ ಮಕ್ಕಳು ಅಂದ್ರೆ ಜೀವ ಬಿಡ್ತಿದ್ದ’ ಅಂತ ಮೂಗು ಒರೆಸಿದ್ದೇ ಒರೆಸಿದ್ದು. ಒಬ್ಬನಾದ್ರೂ ಅವನ ತೇಗಿನ ಸುದ್ದಿ ಎತ್ತಿದ್ನಾ? ಆ ತೇಗು ಇಲ್ಲದಿದ್ರೆ ನಿಮ್ಮ ಅಮ್ಮನ ಮದುವೆಯೇ ನಿಂತು ಹೋಗ್ತಿತ್ತು. ಅಲ್ಲಲ್ಲ, ತಪ್ಪಿದೆ, ತೇಗಿನಿಂದಲೇ ನಿಲ್ಲುಕೆ ಹೊರಟದ್ದು. ತಡೀರಿ, ಮೊದಲಿಂದ ಹೇಳ್ತೆ. ಆ ಚಾಪೆ ಇತ್ತ ಎಳೀರಿ.

ಜರ್ಮನಿ, ಜಪಾನು ಅಂತ ಯುದ್ಧ ನಡೀತಿದ್ದ ಕಾಲ ಅದು. ಯುದ್ಧ ಎಲ್ಲೋ, ಉಪವಾಸ ಹಂಗಾರಕಟ್ಟೆಯಲ್ಲಿ. ಬರ್ಮಾದ ಅಕ್ಕಿ ಬರುದು ನಿಂತಿತು, ಊರಿನ ಅಕ್ಕಿಯನ್ನು ಸರ್ಕಾರ ಎತ್ತಿಕೊಂಡು ಹೋಯ್ತು, ರೇಶನ್ ಅಂಗಡಿಯಲ್ಲಿ ಒಂದು ವಾರ ಗೋಧಿ, ಒಂದು ವಾರ ಮುಗ್ಗಲು ಜೋಳ, ಒಂದು ವಾರ ‘ನಾಳೆ ಬನ್ನಿ’. ಗೋಧಿ ನಾವು ಕಂಡವರಾ? ಗಿರಿಜಕ್ಕ, ಅಂದ್ರೆ ನಿಮ್ಮ ಅಮ್ಮಮ್ಮ, ಅದನ್ನು ಕುಚಲಕ್ಕಿ ಹಾಗೆ ಮಡಕೆಗೆ ಸುರಿದು ಗಂಜಿ ಮಾಡುಕೆ ಹೊರಟ್ರು. ಬೆಳಿಗ್ಗೆ ಇಟ್ಟದ್ದು ಸಂಜೆಯಾದ್ರೂ ಬೇಯಲಿಲ್ಲ, ಮಡಕೆ ಒಳಗಿಂದ ನಮ್ಮನ್ನೇ ಗುರಾಯಿಸ್ತಾ ಕೂತಿತ್ತು. ಮೀನಿಗೆ ಮಾತ್ರ ರೇಶನ್ ಇರಲಿಲ್ಲ ಕಾಣಿ, ಬಲೆಗೆ ಬಿದ್ದ ದಿನ ಅದೇ ಊಟ. ಅನ್ನ ಇಲ್ಲದೆ ಬರೀ ಬಂಗಡೆ ತಿಂದು ತಿಂದು, ನಾನು ಹೊಳೆಗೆ ಬಿದ್ರೆ ಕೈಕಾಲು ಆಡಿಸದೇ ಆಚೆ ದಡ ಮುಟ್ತಿದ್ದೆ. ಸುಳ್ಳಾ? ಬೇಕಾದ್ರೆ ನಿಮ್ಮ ಅಮ್ಮಮ್ಮನನ್ನೇ ಕೇಳಿ. ಬೇಡ, ಈಗ ಕೇಳಬೇಡಿ.

ಶೀನಣ್ಣ, ನಾನು ಇಬ್ಬರೂ ಹೊಳೆ ಬದಿಯಲ್ಲಿ ಮಂಜಿ ಕಟ್ಟುವಲ್ಲಿ ಕೆಲಸಕ್ಕಿದ್ದೆವು. ಮಂಜಿ ಅಂದ್ರೆ ಹಾಯಿ ಕಟ್ಟುವ ದೊಡ್ಡ ಸರಕಿನ ದೋಣಿ. ಅದರ ಹಲಗೆ ಸಂದಿಗೆ ಹತ್ತಿ ತುರುಕುದು ನಮ್ಮ ಕೆಲಸ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವ, ಆದ್ರೂ ನನ್ನ ಕಿತಾಪತಿಗೆಲ್ಲ ಅವನೇ ಜೊತೆ. ಮೇಸ್ತ್ರಿಯ ಎಲೆಅಡಿಕೆ ಚೀಲಕ್ಕೆ ಜೀವದ ಏಡಿ ಬಿಟ್ಟವ ನಾನು. ‘ಪಾಪ, ಏಡಿ ಕಾಲ್ ಮುರೂದ್ ಬ್ಯಾಡ’ ಅಂತ ಅದಕ್ಕೆ ಮೆತ್ತಗೆ ಹತ್ತಿ ಹಾಸಿಕೊಟ್ಟವ ಅವ. ಅಂಥ ಮನುಷ್ಯ.

ಈಗ ತೇಗಿಗೆ ಬಪ್ಪ. ಸಂಜೆ ಕೆಲಸ ಬಿಟ್ಟು ಮನೆಗೆ ಹೋಪತ್ತಿಗೆ ಬೇಲಿ ಬಾಗಿಲಿನ ದಣಪೆ ಹತ್ತಿರ ನಿಲ್ತಿದ್ದ. ಗಂಟಲಿಗೆ ಗುಳುಂ ಗುಳುಂ ಗಾಳಿ ನುಂಗ್ತಿದ್ದ. ಆಮೇಲೆ ಒಂದು ಬಿಡ್ತಿದ್ದ ಕಾಣಿ, ‘ಡರ್ರ್ರ್‌ಆವ್!’ ಗಂಗೊಳ್ಳಿವರೆಗೆ ಕೇಳ್ತಿತ್ತು. ಸರಿ, ಗಂಗೊಳ್ಳಿ ಬೇಡ, ಹೊಳೆ ಆಚೆ ಕೋಡಿಬೆಂಗ್ರೆವರೆಗೆ ಖಂಡಿತ. ಹಾಗೆ ತೇಗಿಕೊಂಡೇ ಒಳಗೆ ಹೋಗಿ ಹೇಳುದು, ‘ಗಿರಿಜಾ, ನಂಗ್ ಊಟ ಬ್ಯಾಡ. ಶಂಕ್ರನ್ ಮನೀಲ್ ಕುತ್ತಿಗಿವರಿಗೆ ತಿನ್ಸ್ರ್. ನಂದ್ ಮಕ್ಕಳಿಗ್ ಹಾಕ್.’

ಶಂಕ್ರ ಅಂದ್ರೆ ನಾನೇ ಅಲ್ದಾ? ನಮ್ಮ ಮನೆಯಲ್ಲಿ ಉಂಡನಂತೆ! ನಮ್ಮ ಮನೆ ಒಲೆಯಲ್ಲಿ ಬೆಕ್ಕು ಮರಿ ಹಾಕಿತ್ತು.

ಒಂದು ದಿನ ತಡೆಯದೆ ಕೇಳಿದೆ, ‘ಎಂತಕ್ ಮಾರಾಯ ಈ ನಾಟ್ಕ? ಹೊಟ್ಟಿ ಹಸದಿತ್ತ್ ಅಂದ್ರೆ ಎಂತ ಆತ್ತ್?’

‘ನಾನ್ ಹಸದ್ಕಂಡ್ ಕೂಕಂಡ್ರೆ ಮಕ್ಕಳ್ ನನ್ ಮುಖ ಕಾಂತೊ, ಉಂಬುದಿಲ್ಲೆ. ತೇಗದ್ರೆ ಗಮ್ಮತ್ತಲ್ ಉಣ್ತೊ.’ ಅಷ್ಟೇ ಅಂದ. ನನಗೂ ಕಲಿಸಿಕೊಟ್ಟ. ನಾನು ಮನೆಯಲ್ಲಿ ಒಮ್ಮೆ ತೇಗಿದೆ, ನಮ್ಮ ಅಮ್ಮ ಗಾಬರಿಯಾಗಿ ವೈದ್ಯರನ್ನು ಕರೆಸಿದ್ರು. ಅದೆಲ್ಲ ಅವರವರ ಕೈಗುಣ.

ಹೀಗಿರುವಾಗ ನಿಮ್ಮ ಅಮ್ಮ ಸುಶೀಲಳಿಗೆ ಸಂಬಂಧ ಬಂತು, ಯಡ್ತರೆಯಿಂದ. ಗದ್ದೆ ಇದ್ದವರು, ಮರ್ಯಾದಿಯವರು. ಶೀನಣ್ಣನಿಗೆ ನೆಲದ ಮೇಲೆ ಕಾಲಿಲ್ಲ. ಆದ್ರೆ ಹೆಣ್ಣು ನೋಡುಕೆ ಬಂದವರಿಗೆ ಊಟ ಹಾಕಬೇಕಲ್ಲ? ಬೇಯದ ಗೋಧಿ ಬಡಿಸುಕಾತ್ತಾ? ಗಿರಿಜಕ್ಕ ಮುಷ್ಟಿ ಮುಷ್ಟಿ ಉಳಿಸಿದ ಕುಚಲಕ್ಕಿ ಇತ್ತು. ಬಂದವರು ಉಂಡರೆ ಸರಿಯಾಗ್ತದೆ, ಮನೆಯವರಿಗೆ ಒಂದು ಅಗುಳೂ ಇಲ್ಲ. ಅಷ್ಟೇ ಇದ್ದದ್ದು. ಈ ಸಂಬಂಧ ತಪ್ಪಿದ್ರೆ ಆ ಬರಗಾಲದಲ್ಲಿ ಇನ್ನೊಂದು ಯಾವಾಗ ಬರ್ತದೋ ಅಂತ ಶೀನಣ್ಣನಿಗೆ ಚಿಂತೆ.

ಬಂದ್ರು. ಹುಡುಗ, ಅಂದ್ರೆ ನಿಮ್ಮ ಅಪ್ಪಯ್ಯ. ಅವನ ಅಪ್ಪ, ನಿಮ್ಮ ಯಡ್ತರೆ ಅಜ್ಜಯ್ಯ. ಆಗ ಮೀಸೆ ಇತ್ತು ಅವರಿಗೆ, ಎರಡು ಬಾವಲಿ ಜೋತುಬಿದ್ದ ಹಾಗೆ. ಅವನ ಅಮ್ಮ ಸೀದಾ ಅಡುಗೆಮನೆಗೆ ಹೋದ್ರು, ಹೆಂಗಸರ ಜೊತೆ. ಹೆಣ್ಣು ನೋಡಿ ಆಯ್ತು, ಒಪ್ಪಿದ್ದೂ ಆಯ್ತು, ಎಲೆ ಹಾಕಿದ್ದೂ ಆಯ್ತು, ಬಿಸಿ ಅನ್ನ, ಬಂಗಡೆ ಸಾರು. ನಾನು ನೀರು ಬಡಿಸ್ತಾ ಇದ್ದೆ, ಆ ಅನ್ನದ ಹಬೆ ಮೂಗಿಗೆ ಬಡಿದು ಲೋಟದ ಬದಲು ಹುಡುಗನ ತೊಡೆಗೆ ನೀರು ಹೊಯ್ದೆ.

ಯಡ್ತರೆಯವರು, ಹುಡುಗನ ಅಪ್ಪ, ತಲೆ ಎತ್ತಿದ್ರು. ‘ಎಂತ ಶೀನಯ್ಯ, ನೀವ್ ಕೂಕಂತಿಲ್ಯಾ?’

‘ನೀವ್ ಉಣ್ಣಿ, ನಾನ್ ಬಡಿಸ್ತೆ.’

‘ಅದ್ ಹ್ಯಾಂಗ್ ಆತ್ತ್? ಹೆಣ್ಣಿನ್ ಅಪ್ಪಯ್ಯ ನನ್ ಬಗಲಲ್ ಕೂಕಂಡ್ ಉಂಡ್ರೇ ಮಾತ್ ಆದಂಗೆ. ಇನ್ನೊಂದ್ ಎಲಿ ತನ್ನಿ.’

ನಮ್ಮ ಕಡೆ ಕ್ರಮ ಅದೇ ಕಾಣಿ, ಬೀಗರಾಗುವವರು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಶೀನಣ್ಣ ಬೇಡ ಅಂದ, ಇವರು ಕೂಕಣಿ ಅಂದ್ರು, ಬೇಡ, ಕೂಕಣಿ, ಬೇಡ, ಕೂಕಣಿ, ಕೈ ಹಿಡಿದು ಎಳೆದೇ ಬಿಟ್ರು. ಕೂತ್ರೆ ಅನ್ನ ಕಮ್ಮಿ ಬೀಳ್ತದೆ, ಕೂರದಿದ್ರೆ ಮಾತು ತಪ್ಪುತ್ತದೆ. ಆ ಗಡಿಬಿಡಿಯಲ್ಲಿ ಶೀನಣ್ಣ ಎಂತ ಮಾಡಿದ ಗೊತ್ತಿತ್ತಾ? ದಿನಾ ಮಾಡುದನ್ನೇ ಮಾಡಿದ. ಗುಳುಂ ಗುಳುಂ. ‘ಡರ್ರ್ರ್‌ಆವ್! ನಂದ್ ಆಯ್ತ್ ಮಾರಾಯ್ರೆ, ಹೊಟ್ಟಿ ತುಂಬಿತ್ತ್!’

ಬಾವಲಿ ಮೀಸೆ ಎರಡೂ ಎದ್ದು ನಿಂತವು. ‘ನಿಮ್ದ್ ಉಂಡ್ ಆಯ್ತಾ? ನೆಂಟ್ರ್ ಬಪ್ಪುಕ್ ಮುಂಚೆ?’ ಅಂದ್ರು. ನೆಂಟರನ್ನು ಕರೆದು ತಾವು ಮೊದಲೇ ಉಂಡು ಕೂರುದು ಅಂದ್ರೆ ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ‘ಏಳಾ ಮಗಾ. ಈ ಮನಿ ಸಂಬಂಧ ಬ್ಯಾಡ ನಮ್ಗೆ.’ ನಿಮ್ಮ ಅಪ್ಪಯ್ಯ ಪಾಪ, ಅರ್ಧ ಎದ್ದ, ಕಣ್ಣು ಮಾತ್ರ ಬಂಗಡೆ ಮೇಲೇ ಬಿಟ್ಟಿದ್ದ.

ಇಂಥ ಹೊತ್ತಿನಲ್ಲಿ ನಾನು ಸುಮ್ಮನಿರ್ತೆನಾ? ‘ಅದ್ ಊಟದ್ ತೇಗಲ್ಲ ಮಾರಾಯ್ರೆ, ವಾಯು! ನಮ್ ಶೀನಣ್ಣಂಗೆ ಹುಟ್ಟಿದಾರಭ್ಯ ವಾಯು!’

‘ಓಹೋ, ರೋಗದ್ ಮನಿ ಬೇರೆ.’

‘ಅಯ್ಯೋ ವಾಯು ಅಲ್ಲ, ಪ್ರಸಾದ! ಬೆಳಿಗ್ಗೆ ದೇವಸ್ಥಾನದ್ ಪ್ರಸಾದ ಉಂಡದ್!’

‘ಪ್ರಸಾದ ಕುತ್ತಿಗಿವರಿಗೆ ಉಣ್ತ್ರಾ?’

ಮೂರನೇ ಸುಳ್ಳು ಬಾಯಿಗೆ ಬರುವ ಮೊದಲೇ ಶೀನಣ್ಣ ನನ್ನ ಪಂಚೆ ಹಿಡಿದು ಕೂರಿಸಿದ. ಅವನ ಮುಖ ಕಂಡೆ ಕಾಣಿ, ಆ ಮುಖ ಮತ್ತೆ ಯಾವತ್ತೂ ಕಾಣಲಿಲ್ಲ. ಬಾಗಿಲ ಸಂದಿಯಲ್ಲಿ ಸುಶೀಲ ನಿಂತಿದ್ದಳು. ಅವಳತ್ತ ನೋಡುಕೆ ಅವನಿಂದ ಆಗಲಿಲ್ಲ.

ಅಷ್ಟೊತ್ತಿಗೆ ಒಳಗಿಂದ ಒಂದು ಸ್ವರ. ‘ಹ್ವಾಯ್! ಕೂಕಣಿ ಕಾಂಬ.’ ಹುಡುಗನ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ. ‘ಅದ್ ಉಂಡ ತೇಗಲ್ಲ.’

‘ನಿಂಗ್ ಹ್ಯಾಂಗ್ ಗೊತ್ತ್?’ ಅಂದ್ರು ಗಂಡ.

‘ನಂಗ್ ಗೊತ್ತಿಲ್ದೆ? ಬೈಂದೂರ್ ಪೇಟಿಂದ ಬಂದ್ಕಂಡ್ ದಿನಾ ನೀವ್ ತೇಗುದ್ ಎಂತ? ಹೋಟ್ಲಲ್ ತಿಂದೆ, ನಂದ್ ಮಕ್ಕಳಿಗ್ ಹಾಕ್ ಅಂದ್ಕಂಡ್? ಉಂಡ ತೇಗ್ ಹೊಟ್ಟಿಂದ ಬತ್ತ್. ನಿಮ್ದೂ ಇವ್ರದೂ ಗಂಟ್ಲಿಂದ ಬಪ್ಪುದ್. ಒಳಗ್ ಅನ್ನದ್ ಮಡಕಿ ನಾನ್ ಕಂಡಿದೆ. ಅದ್ರೊಳಗ್ ಮನಿಯವ್ರ್ ಉಂಬುಕ್ ಎಂತದೂ ಇಲ್ಲೆ.’

ಗದ್ದೆ ಇದ್ರೆ ಎಂತ, ಬೆಳೆದದ್ದು ಸರ್ಕಾರಕ್ಕೆ ಅಳೆದು ಕೊಟ್ಟ ಮೇಲೆ ಅವರ ಕಣಜದಲ್ಲೂ ಇಲಿ ಓಡಾಡ್ತಿತ್ತು. ಯಡ್ತರೆಯವರು ಶೀನಣ್ಣನ ಮುಖ ಕಂಡ್ರು, ಶೀನಣ್ಣ ಅವರ ಮುಖ ಕಂಡ. ಒಂದೇ ಕಸುಬಿನ ಇಬ್ಬರು ಕಳ್ಳರು ಒಂದೇ ಮನೆಗೆ ನುಗ್ಗಿ ಎದುರೆದುರು ಸಿಕ್ಕ ಹಾಗೆ.

ಆಗ ಗಿರಿಜಕ್ಕನೂ ಹೊರಗೆ ಬಂದ್ರು. ಗಂಡನಿಗೆ ಅಂದ್ರು, ‘ಶಂಕ್ರನ್ ಮನೀಲ್ ಒಲಿ ಉರಿದ್ ಎಷ್ಟ್ ದಿನ ಆಯ್ತ್ ಅಂದ್ ಊರಿಗೇ ಗೊತ್ತಿತ್ತ್. ನಾನ್ ಎಂತ ಹೇಳುದ್? ನಿಮ್ಗಾದ್ರೂ ತೇಗುಕ್ ಬತ್ತ್. ನಂಗ್ ಅದೂ ಬತ್ತಿಲ್ಲೆ.’

ನನ್ನ ಬಾಯಿಗೂ ಆಗ ಒಂದು ಸುಳ್ಳೂ ಬರಲಿಲ್ಲ, ಅದೊಂದು ನೀವು ನಂಬಲೇಬೇಕು.

ಹುಡುಗನ ಅಮ್ಮನೇ ಮುಂದೆ ಬಂದು, ಎಲೆಯಲ್ಲಿ ಇನ್ನೂ ಕೈ ಹಾಕದೆ ಇದ್ದ ಅನ್ನ ಎಲ್ಲ ವಾಪಸ್ ಮಡಕೆಗೆ ಸುರಿದ್ರು, ಮೇಲಿಂದ ಬಿಸಿನೀರು ಹೊಯ್ದು ಗಂಜಿ ಮಾಡಿದ್ರು. ಚಾವಡಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಮದುಮಗ, ಮದುಮಗಳು, ನಾನು, ಎಲ್ಲ ಒಟ್ಟಿಗೆ ಕೂತು ಸುರ್ ಸುರ್ ಕುಡಿದದ್ದೇ ಮದುವೆ ನಿಶ್ಚಯ. ನಿಮ್ಮ ಅಜ್ಜಯ್ಯನಿಗೆ ಆವತ್ತು ನಿಜವಾದ ತೇಗು ಬಂತು. ಎಷ್ಟು ಸಣ್ಣದು ಅಂತೀರಿ, ಕೋಳಿಮರಿ ಕೆಮ್ಮಿದ ಹಾಗೆ. ನಾಚಿಕೆಯಾಗಿ ಕೈ ಅಡ್ಡ ಹಿಡಿದ.

ಹಾಗಾಗಿ ಮಕ್ಕಳೇ, ಮನೆಗೆ ಬಂದವರು ‘ನಂದ್ ಉಂಡ್ ಆಯ್ತ್’ ಅಂದ್ರೆ ನಂಬುಕಾಗ. ಬಾಯಿ ಮುಚ್ಚಿ ಎಲೆ ಹಾಕಿಬಿಡಿ.