ತೋಳಿಗೆ ಹಚ್ಚಿದ ಮುಲಾಮು

ಪ್ರಾಣಿಗಳ ಆಸ್ಪತ್ರೆಯಲ್ಲಿ ಬೆಕ್ಕಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದರ್ಜಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಕಿವಿಗೇನು ಗುಂಡಿ ಹಾಕಲಾದೀತೇ?

“ನಾಯಿ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದ್ರಲ್ಲ, ಡಾಕ್ಟ್ರು ಏನಂದ್ರು ಅಕ್ಕಾ?”

“ಹೆಚ್ಚುಕಮ್ಮಿ ಖಾಲಿಯಂತೆ. ರಕ್ತ ಹುಟ್ಟಿಸೋ ಕಣಗಳೇ ಇಲ್ವಂತೆ, ಬರೀ ಕೊಬ್ಬು.”

“ಇಲಿ ಪಾಷಾಣ ಗಿಷಾಣ ಏನಾದ್ರೂ ತಿಂದಿದ್ನಾ?”

“ಅವರೂ ಅದನ್ನೇ ಕೇಳಿದ್ರು. ಆಮೇಲೆ, ಮನೇಲಿ ಯಾರಾದ್ರೂ ಹಾರ್ಮೋನ್ ಮುಲಾಮು ಹಚ್ಕೋತೀರಾ ಅಂದ್ರು.”

“ಮುಟ್ಟು ನಿಂತ ಮೇಲೆ ನೀನು ತೋಳಿಗೆ ಹಚ್ಕೋತಿದ್ದೀಯಲ್ಲ, ಅದಾ?”

“ಹ್ಞೂಂ.”

“ಅದಕ್ಕೂ ನಾಯಿಗೂ ಏನು ಸಂಬಂಧ?”

“ಅದು ನಾಯಿ ಹೊಟ್ಟೆಗೆ ಹೋದ್ರೆ ಮಜ್ಜೆನೇ ಸಾಯುತ್ತಂತೆ. ಹಚ್ಚಿದ ತಕ್ಷಣ ಓಡಿ ಬಂದು ನೆಕ್ಕೋನು. ಎಷ್ಟು ಪ್ರೀತಿ ನೋಡು ಅಂತ ನಿಂಗೆ ವಿಡಿಯೋ ಕಳಿಸ್ತಿದ್ದೆ.”



“ವಾಸಿ ಆಗುತ್ತಾ?”

“ಹೇಳೋಕಾಗಲ್ಲ ಅಂದ್ರು. ಇನ್ಮೇಲೆ ನೆಕ್ಕೋಕೆ ಬಿಡ್ಬೇಡಿ ಅಂದ್ರು.”

ನರ್ಸ್ ಒಳಗಿನಿಂದ ನಾಯಿಯನ್ನು ಕರೆತಂದಳು. ಅದರ ಭುಜದ ಹತ್ತಿರ ಅಂಗೈಯಗಲ ಕೂದಲು ಬೋಳಿಸಿದ್ದರು. ತೂರಾಡುತ್ತಲೇ ಅದು ನೇರ ಅಕ್ಕನ ಹತ್ತಿರ ಬಂದು ನಾಲಿಗೆ ಚಾಚಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

“ಹಗ್ಗ ನೀನೇ ಹಿಡ್ಕೊ,” ಎಂದು ತಂಗಿಗೆ ಹೇಳಿ, ತಿರುಗಿ ನೋಡದೆ ಬಾಗಿಲ ಕಡೆ ನಡೆದಳು. ನಾಯಿ ಬಾಲ ಆಡಿಸುತ್ತಾ ಹಿಂದೆಯೇ ಹೋಯಿತು.