ನಾಲಿಗೆಯಡಿಯ ಮಾತ್ರೆ

ಇದು ನಮ್ಮ ಪಕ್ಕದ ಮನೆಯ ಸೊಸೆಗೆ ಆದದ್ದು. ಆ ರಾತ್ರಿ ಲಾಂಡ್ರಿಯಲ್ಲಿ ಕೆಲಸ ಮುಗಿಯುವುದು ತಡವಾಯಿತು. ಮಾತ್ರೆಯ ಹೊತ್ತು ಮೀರೀತೆಂದು ಗೇಟಿನ ಬಳಿಯೇ ನಾಲಿಗೆಯಡಿ ಇಟ್ಟುಕೊಂಡು, ತುಂಬು ಬಸುರಿನ ಹೊಟ್ಟೆ ಹಿಡಿದು ಓಣಿಗಿಳಿದಳು. ಮನೆಗೆ ಅದೊಂದೇ ದಾರಿ. ಒಂದು ಕಡೆ ಎತ್ತರದ ಗೋಡೆ... ಇನ್ನೊಂದು ಕಡೆ ಹಾಳುಬಾವಿ.

ಮಾತ್ರೆ ಯಾಕೆ ಅಂತೀರಾ? ಹಿಂದೊಮ್ಮೆ ಬೆನ್ನಿಗೆ ಪೆಟ್ಟಾದಾಗ ಹಿಡಿದ ನೋವಿನ ಗುಳಿಗೆ ಚಟವಾಗಿ ಅಂಟಿಕೊಂಡಿತ್ತು. ಬಿಟ್ಟರೆ ಮೈಯೆಲ್ಲ ನುಲಿಯುತ್ತಿತ್ತು. ಅಷ್ಟರಲ್ಲಿ ದೇವರು ಮಡಿಲು ತುಂಬಿದ. ಡಾಕ್ಟರಮ್ಮ ಬೈಯಲಿಲ್ಲ, ಆ ಗುಳಿಗೆಯ ಬದಲಿಗೆ ಬೇರೆ ಮಾತ್ರೆ ಕೊಟ್ಟರು.

"ನಾಲಿಗೆ ಕೆಳಗಿಟ್ಕೋ. ಕರಗೋವರೆಗೆ ನುಂಗಬೇಡ, ಮಾತಾಡಬೇಡ. ಏಕಾಏಕಿ ನಿಲ್ಲಿಸಿದ್ರೆ ಹೊಟ್ಟೆಯಲ್ಲಿರೋ ಕೂಸಿಗೇ ಅಪಾಯ ಕಣಮ್ಮ."

ಅತ್ತೆಯದು ಮಾತ್ರ ದಿನಾ ಒಂದೇ ರಾಗ. "ಒಂದು ಚಟ ಬಿಡಿಸೋಕೆ ಇನ್ನೊಂದಾ? ಉಗುಳೇ! ನನ್ನ ಮೊಮ್ಮಗು ನಡುಗ್ತಾ ಹುಟ್ಟಬೇಕಾ?" ಕೇಳಿ ಕೇಳಿ ಇವಳ ಮನಸ್ಸೂ ಅಳ್ಳಾಡಿತ್ತು.

ಓಣಿಯ ಆ ಹಾಳುಬಾವಿಗೆ ರಾಟೆಯಿಲ್ಲ, ಹಗ್ಗವಿಲ್ಲ. ಆದರೂ ಆ ರಾತ್ರಿ... ಕಿರ್ರ್... ಕಿರ್ರ್... ಆಮೇಲೆ ಬೆನ್ನ ಹಿಂದೆ ಒದ್ದೆ ಕಾಲಿನ ಸದ್ದು. ಪಚ್... ಪಚ್...

"ಇವಳೇ..."

ಅತ್ತೆಯದೇ ದನಿ!

"ಉಗುಳೇ ಅದನ್ನ..."

ಓಡೋಣವೆಂದರೆ ತುಂಬು ಬಸುರಿ. ಕೂಗೋಣವೆಂದರೆ ಬಾಯಲ್ಲಿ ಮಾತ್ರೆ. ತಿರುಗಿ ನೋಡಲು ಧೈರ್ಯ ಸಾಲದು. ಓಣಿ ಮುಗಿಯಲೇ ಒಲ್ಲದು.

"ಉಗುಳು... ಕೂಸು ಬದುಕುತ್ತೆ..."

ಈಗ ಕಿವಿಯ ಹತ್ತಿರವೇ. ತಣ್ಣನೆಯ ಉಸಿರು, ಪಾಚಿಯ ವಾಸನೆ. ಹೊಟ್ಟೆಯೊಳಗೆ ಕೂಸು ಒದೆಯಿತು. ಅವಳು ತುಟಿ ಬಿಗಿದಳು. 'ತಂದೇ, ನನ್ನ ಬಾಯಿ ನೀನೇ ಕಾಯಿ' ಎಂದು ಒಳಗೊಳಗೇ ಬೇಡುತ್ತ ನಡೆದಳು.

"ಒಂದ್ಸಲ ಹೂಂ ಅನ್ನೇ..." ಅದು ಅಳುತ್ತಿತ್ತು.

ಮನೆ ಬಾಗಿಲು ಬಡಿದಳು. ತೆರೆದದ್ದು ಅತ್ತೆ. ನಿದ್ದೆಗಣ್ಣು... ಕಾಲಲ್ಲಿ ಹನಿ ನೀರಿಲ್ಲ.

"ಯಾಕೇ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?"

ಮಾತ್ರೆ ಪೂರ್ತಿ ಕರಗಿದ ಮೇಲೆ ಎಲ್ಲ ಹೇಳಿದಳು. ಮರುದಿನದಿಂದ ಮಾತ್ರೆಯ ಹೊತ್ತಿಗೆ ಅತ್ತೆ ತಾವೇ ಎದುರು ಕೂತು, "ಹೂಂ, ಬಾಯಿ ಮುಚ್ಚೇ" ಎನ್ನತೊಡಗಿದರು.

ಕೂಸು ಹುಟ್ಟಿತು. ನಡುಗಿತು, ನಿಜ. ಕೀಚಲು ದನಿಯಲ್ಲಿ ಅತ್ತಿತು, ಮೇಲಿಂದ ಮೇಲೆ ಸೀನಿತು, ಹಾಲು ಕುಡಿಯಲು ಒದ್ದಾಡಿತು. "ಈ ಮಾತ್ರೆಗೆ ಹೀಗಾಗೋದು ನಮಗೆ ಗೊತ್ತಿದ್ದದ್ದೇ, ಹೋಗುತ್ತೆ" ಎಂದ ನರ್ಸಮ್ಮ ಮಂದ ಬೆಳಕಿನ ಕೋಣೆ ಕೊಟ್ಟರು. ತಾಯಿ ಎದೆಗೊತ್ತಿ ಹಿಡಿದಳು. ಅವಳು ಸೋತಾಗ ಅತ್ತೆ ಹಿಡಿದರು. ಬರಬರುತ್ತ ನಡುಕ ನಿಂತಿತು. ದೇವರ ಕರುಣೆ ದೊಡ್ಡದು.

ಮನೆಗೆ ಕರೆತಂದದ್ದು ಮಟಮಟ ಮಧ್ಯಾಹ್ನ. ಚೀಲ ಹೊತ್ತು ಹಿಂದೆ ಬಂದವಳು ನಾನು. ಬಾವಿಕಟ್ಟೆಯ ಹತ್ತಿರ ಅತ್ತೆ ನಿಂತುಬಿಟ್ಟರು.

ಕಟ್ಟೆಯ ಮೇಲೆ ಅವಳದ್ದೇ ಥರದ ಒಂದು ಬಿಳಿ ಮಾತ್ರೆ... ಅರ್ಧ ಕರಗಿದ್ದು.

"ನಿನ್ನದಾ?" ಪಿಸುಗುಟ್ಟಿದರು.

"ಇಲ್ಲ ಅತ್ತೇ. ನಾನು ಯಾವತ್ತೂ ಉಗುಳಿಲ್ಲ."

ದೇವರ ಹೆಸರಲ್ಲಿ ಆಣೆ ಇಡುವವಳಲ್ಲ ನಾನು. ಆದರೆ ಆ ಸುಡುಬಿಸಿಲಲ್ಲಿ ಈ ಬೆರಳಿಂದಲೇ ಮುಟ್ಟಿ ನೋಡಿದ್ದೇನೆ... ಮಾತ್ರೆ ಇನ್ನೂ ಒದ್ದೆಯಾಗಿತ್ತು, ಈಗಷ್ಟೇ ಯಾರೋ ಉಗುಳಿದ ಹಾಗೆ.